ಚಾದರದ ಇನ್ನೊಂದು ತುದಿ

ಮಾಗಿಯ ಚಳಿಯಲ್ಲಿ ಒಗೆದ ಚಾದರಗಳು ಮಧ್ಯಾಹ್ನದವರೆಗೂ ಹಸಿಯಾಗಿಯೇ ಇರುತ್ತವೆ. ಇದನ್ನು ಬರೆಯುತ್ತಿರುವಾಗಲೂ ನಮ್ಮ ಸಹಕಾರಿ ಸಂಘದ ಹಿತ್ತಲಿನಲ್ಲಿ ಆಸ್ಪತ್ರೆಯ ಚಾದರಗಳು ತಂತಿಯ ಮೇಲೆ ಬಿಸಿಲಿಗಾಗಿ ಕಾಯುತ್ತಿವೆ. ಪಕ್ಕದ ಶೆಡ್ಡಿನಲ್ಲಿ ಯಾರದೋ ಪಂಪ್‌ಸೆಟ್ಟು ಬಿಚ್ಚಿ ಹರಡಿದೆ. ಮುಂದಿನ ಕೋಣೆಯಿಂದ ಕ್ಷೌರದ ಕತ್ತರಿಯ ಸದ್ದು ಬರುತ್ತಿದೆ. ಒಂದಕ್ಕೊಂದು ನಂಟಿಲ್ಲದ ಈ ಮೂರು ಸೇವೆಗಳನ್ನು ಒಂದೇ ಸೂರಿನಡಿ ನಡೆಸಿ, ಲಾಂಡ್ರಿಯ ಅಳತೆಗೋಲು ಕ್ಷೌರದಂಗಡಿಗೆ ಒಗ್ಗದೆಂದು ಸುತ್ತಲಿನ ಸಂಘಗಳಿಗೆಲ್ಲ ತೋರಿಸಿಕೊಟ್ಟವರು, ಇದೀಗ ನಿವೃತ್ತರಾಗಿರುವ ನಮ್ಮ ಮ್ಯಾನೇಜರಮ್ಮನವರು.

ಅವರು ಬಂದಾಗ ಲಾಂಡ್ರಿಯ ಉಸ್ತುವಾರಿ ನನ್ನದಾಗಿತ್ತು, ಇಂದಿಗೂ ನನ್ನದೇ. ಬಟ್ಟೆಗಳ ಅದಲುಬದಲನ್ನೂ ಬಾಗಿಲ ಬಳಿಯ ನೂಕುನುಗ್ಗಲನ್ನೂ ಅವರು ಗಂಟಿಗೊಂದು ಟೋಕನ್ನು, ಸರದಿ ಕರೆಯಲೊಂದು ಗಂಟೆ ಇಟ್ಟು ನಿಲ್ಲಿಸಿದರು. ರಿಪೇರಿಯವರಿಗೆ, "ಎಷ್ಟು ಪಂಪು ಬಿಚ್ಚಿದ್ರಿ ಅನ್ನೋದು ಬೇಡ, ಎಷ್ಟು ಮತ್ತೆ ಕೆಟ್ಟು ವಾಪಸ್ ಬಂದ್ವು ಹೇಳಿ" ಎನ್ನುತ್ತಿದ್ದರು. ನನ್ನ ತಾಯಿ ಹಾಸಿಗೆ ಹಿಡಿದಾಗ, ನಾನು ಕೇಳುವ ಮೊದಲೇ ಸಂಜೆಯ ಪಾಳಿಯನ್ನು ತಾವೇ ವಹಿಸಿಕೊಂಡು, ಸೆರಗು ಸಿಕ್ಕಿಸಿ ಇಸ್ತ್ರಿಗೆ ನಿಂತದ್ದನ್ನು ಮರೆಯಲಾರೆ. "ಮನೇಲಿ ನಂಗೋಸ್ಕರ ಕಾಯೋರು ಯಾರಿದ್ದಾರೆ, ನೀನು ಹೋಗಪ್ಪಾ" ಎಂದಿದ್ದರು. ಪತಿಯನ್ನು ಕಳೆದುಕೊಂಡ ಮೇಲೆಯೇ ಅವರು ನಮ್ಮಲ್ಲಿಗೆ ಬಂದದ್ದು.

ಅಂಥವರೂ ಒಮ್ಮೆ ಎಡವಿದರು. ಕ್ಷೌರದಂಗಡಿಯಲ್ಲಿ ಕೆಲಸ ನಿಧಾನ, ಮುಚ್ಚಿಬಿಡೋಣವೆಂದು ಆಡಳಿತ ಮಂಡಳಿ ಹಟ ಹಿಡಿದಾಗ, ಅದನ್ನು ಉಳಿಸಲೆಂದೇ ಅಲ್ಲಿಗೂ ಟೋಕನ್ನು, ಗಂಟೆ ತಂದರು. ಕಾಯುವ ಬೆಂಚನ್ನು ಎತ್ತಿಸಿದರು. ಕೆಲಸ ಚುರುಕಾಯಿತು, ಗಿರಾಕಿಗಳು ಕರಗಿದರು.

ಕ್ಷೌರದಣ್ಣ ಖಾಲಿ ಕುರ್ಚಿ ಒರೆಸುತ್ತಾ ಹೇಳಿದ: "ಅಮ್ಮಾ, ಆ ಮುದುಕರ ತಲೇಲಿ ಕೂದಲಾದ್ರೂ ಎಲ್ಲಿದೆ? ಕಟಿಂಗ್ ಬರೀ ನೆಪ. ನಾಲ್ಕು ಮಾತಾಡೋಕೆ ಬರ್ತಿದ್ರು. ಗಂಟೆ ಹೊಡೆದು ಎಬ್ಬಿಸಿದ್ರೆ ಸಂಜೆ ಬಸ್ಸಿನವರೆಗೂ ಎಲ್ಲಿಗೆ ಹೋಗ್ಬೇಕು ಅವ್ರು?"

"ಮೊದಲೇ ಹೇಳೋಕೆ ನಿಂಗೇನಾಗಿತ್ತೋ?"

"ಬಾಯಿ ಬಿಡೋಕೂ ಟೋಕನ್ ತಗೋಬೇಕೇನೋ ಅಂದ್ಕೊಂಡೆ!"

ಅಂದೇ ಬೆಂಚು ಮರಳಿತು, ಅದೂ ಲಾಂಡ್ರಿಯ ಬಾಗಿಲಿಗೆ ತಾಗಿಕೊಂಡು. ನಾನೊಬ್ಬನೇ ಚಾದರದೊಂದಿಗೆ ಗುದ್ದಾಡುವುದನ್ನು ನೋಡಲಾರದೆ, ಬೆಂಚಿನವರು ಒಬ್ಬೊಬ್ಬರಾಗಿ ಎದ್ದುಬಂದು ಇನ್ನೊಂದು ತುದಿ ಹಿಡಿಯತೊಡಗಿದರು. "ನೆಟ್ಟಗೆ ಹಿಡಿಯೋ, ಎಮ್ಮೆ ಹಗ್ಗ ಹಿಡಿದಂಗೆ ಹಿಡೀತೀಯಲ್ಲ!" ಎಂದು ತಮ್ಮತಮ್ಮಲ್ಲೇ ಗದರಿಕೊಳ್ಳುವರು. ಮಡಚಿದವರಿಗೆ ಕ್ಷೌರ ಪುಕ್ಕಟೆ, ಅದರ ಕೂಲಿ ಲಾಂಡ್ರಿಯಿಂದ ಎಂದು ಮ್ಯಾನೇಜರಮ್ಮ ಗೊತ್ತುಮಾಡಿದರು. ಎರಡೂ ಕಡೆ ಕೆಲಸ ಏರಿತು. ಮುಚ್ಚುವ ಮಾತನ್ನು ಮಂಡಳಿ ಮತ್ತೆ ಎತ್ತಲಿಲ್ಲ.

ಅವರಿಗಾಗಿ ಸಂಘ ತರುತ್ತಿರುವ ಈ ಅಭಿನಂದನ ಗ್ರಂಥಕ್ಕೆ ಭಾವಚಿತ್ರ ಕೇಳಲು ಮೊನ್ನೆ ಅವರ ಮನೆಗೆ ಹೋಗಿದ್ದೆ. ತೊಳೆದು ಬೋರಲು ಹಾಕಿದ ಒಂದು ತಟ್ಟೆ, ಒಂದು ಲೋಟ. ಮಂಚದ ಮೇಲೆ ಅರ್ಧ ಮಡಚಿದ ಚಾದರ. ಅದರ ಒಂದು ತುದಿ ನೆಲಕ್ಕೆ ಜಾರಿತ್ತು.

"ಸಂಘದ ಕಡೆ ಬನ್ನಿ ಅಮ್ಮಾ."

"ಕೆಲಸ ಇಲ್ದೆ ಬಂದು ಕೂತ್ರೆ ನೋಡೋರು ಏನಂತಾರಪ್ಪಾ?"

"ಆ ಬೆಂಚಿನವರಿಗೆಲ್ಲ ಏನು ಕೆಲಸ ಇತ್ತಮ್ಮಾ?"

ಅವರು ಮಂಚದತ್ತ ಬಾಗಿದರು. ಜಾರಿದ ತುದಿಯನ್ನೆತ್ತಿ ನನ್ನ ಕೈಗೆ ಕೊಟ್ಟರು. ಇಬ್ಬರೂ ಸೇರಿ ಮಡಚಿದೆವು.

ಅವರು ನೂರ್ಕಾಲ ಬಾಳಲಿ, ಅವರ ಕೈಗೆ ಬಿಡುವು ಭಾರವಾಗದಿರಲಿ ಎಂದು ಹಾರೈಸುತ್ತೇನೆ. ಆ ಬೆಂಚಿನ ಮೇಲೆ ಅವರಿಗೊಂದು ಜಾಗ ನಮ್ಮಿಂದ ಸಲ್ಲಬೇಕು, ಅದಿನ್ನೂ ಸಂದಿಲ್ಲ. ಹಿತ್ತಲಿಗೆ ಬಿಸಿಲು ಬಂದಿದೆ, ಚಾದರಗಳು ಒಣಗಿವೆ. ಒಂದು ತುದಿ ನಾನು ಹಿಡಿದಿದ್ದೇನೆ, ಅಮ್ಮಾ.