ಹದಿನೆಂಟರ ಮೇಲಿನ ಹಡಗು

ಸುಮಿತ್ರಾಬಾಯಿಯ ಸಿಟ್ಟು ರೊಟ್ಟಿ ತಟ್ಟುವ ಸಪ್ಪಳದಲ್ಲೇ ಗೊತ್ತಾಗುತ್ತಿತ್ತು. ಆ ರವಿವಾರ ಸಪ್ಪಳ ಓಣಿಯವರೆಗೂ ಹೋಯಿತು. ಸೊಸೆ ದೀಪಾಲಿ ಅಡುಗೆಮನೆಯ ಹೊಸ್ತಿಲಲ್ಲೇ ನಿಂತು ಕೇಳಿದಳು:

“ಅತ್ತಿ, ಆ ಹಿಟ್ಟ ನಿಮಗೇನ ಮಾಡೇತ್ರಿ?”

“ಹಿಟ್ಟಿನ ಮ್ಯಾಲ ನನಗ ಸಿಟ್ಟಿಲ್ಲವಾ. ನಿನ್ನ ಗಂಡ ಟಿ.ವಿ.ಗಿ ಕೀಲಿ ಹಾಕ್ಯಾನ. ಕಪಾಟಿಗಿ ಹಾಕೂದು ನೋಡೀನಿ, ಬಾಗಲಕ್ಕ ಹಾಕೂದು ನೋಡೀನಿ. ಕಥಿಗಿ ಕೀಲಿ ಹಾಕೂದು ಇವತ್ತ ನೋಡಿದ್ನಿ.”

ಕೀಲಿ ಬಿದ್ದದ್ದು ಹಡಗಿನ ಕಥೆಗೆ. ಅದು ನೀರಿನ ಹಡಗಲ್ಲ, ಆಕಾಶದ ಒಂದು ಚಿಕ್ಕಿಯಿಂದ ಇನ್ನೊಂದು ಚಿಕ್ಕಿಗೆ ಹೊರಟ ಹಡಗು. ಹೊರಟವರ ಮಕ್ಕಳು, ಮೊಮ್ಮಕ್ಕಳು ಅದರಲ್ಲೇ ಹುಟ್ಟಿ ಅದರಲ್ಲೇ ಮುದುಕರಾಗಿದ್ದರು. ಪರದೇಶದವರು ಮಾಡಿದ ಸೀರಿಯಲ್ಲು; ಮಾತೆಲ್ಲ ಇಂಗ್ಲಿಷು, ಕೆಳಗೆ ಹಿಂದಿ ಅಕ್ಷರ ಓಡುತ್ತಿದ್ದವು. ಸುಮಿತ್ರಾಬಾಯಿ ಕಂದಲಗಾಂವದ ಸಾಲಿಯನ್ನು ಎರಡನೇ ಇಯತ್ತೆಗೇ ಬಿಟ್ಟವಳು. ಅವಳಿಗೆ ಓದುವ ಕಣ್ಣೆಂದರೆ ಮೊಮ್ಮಗಳು ಶ್ರದ್ಧಾ. ಮರಾಠಿ ಸಾಲಿಯ ಎಂಟನೇ ಇಯತ್ತೆಯ ಆ ಹುಡುಗಿಗೆ ಕನ್ನಡದ ಒಂದಕ್ಷರ ಬಾರದು, ಆದರೆ ಮಾತು ಅಜ್ಜಿಯದೇ. ಅಕ್ಷರ ಓಡಿದಷ್ಟೇ ಜೋರಾಗಿ ಕನ್ನಡ ಮಾಡಿ ಹೇಳುತ್ತಿದ್ದಳು.

ಕೇಳಿದ ಕಥೆ ಸುಮಿತ್ರಾಬಾಯಿಯಲ್ಲೇ ಉಳಿಯುತ್ತಿರಲಿಲ್ಲ. ಸೋಮವಾರ ಸೋಲಾಪುರದ ಸ್ಟ್ಯಾಂಡಿನಲ್ಲಿ ಎಸ್.ಟಿ. ಬಸ್ಸು ಹತ್ತಿ ಅಕ್ಕಲಕೋಟಕ್ಕೆ ಹೋಗಿ ಅಕ್ಕ ಶಾರದಾಬಾಯಿಗೆ ಹೇಳುತ್ತಿದ್ದಳು. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ ಅದು; ಆದರೆ ಶಾರದಾಬಾಯಿಗೆ ಕಣ್ಣು ಹೋಗಿ, ಮೈಯೂ ಸೋತು, ಹಾಸಿಗೆಯೇ ಲೋಕವಾಗಿತ್ತು. ತಂಗಿ ಚಪ್ಪಲಿ ಬಿಡುವ ಸಪ್ಪಳಕ್ಕೇ ಕೇಳುತ್ತಿದ್ದಳು: “ಸುಮೀ, ಹಡಗ ಎಲ್ಲಿಗಿ ಬಂತ?”

ಆ ಹಡಗಿನಲ್ಲೊಬ್ಬಳು ಬೀಜ ಕಾಯುವ ಮುದುಕಿ. ಅಲ್ಲಿ ಸತ್ತವರನ್ನು ಬಾಗಿಲು ತೆಗೆದು ಹೊರಗಿನ ಕತ್ತಲೆಗೆ ತಳ್ಳುವ ರೂಢಿ. ಹಡಗಿನಲ್ಲಿದ್ದ ಮಣ್ಣೆಂದರೆ ಅವಳ ಬೀಜದ ಮಡಿಗಳದಷ್ಟೇ. “ನಾನು ಸತ್ತರೆ ಅದರಲ್ಲಿ ಹೂಳಿ” ಎಂದು ಅವಳು ಹಿರಿಯರನ್ನು ಬೇಡಿದ್ದಳು. ಅವರು ಹೂಂ ಅನ್ನದೆ ಉಹೂಂ ಅನ್ನದೆ ಕೂತಿದ್ದಾಗ ಆ ಭಾಗ ನಿಂತುಹೋಗಿತ್ತು. ಅಂದಿನಿಂದ ಶಾರದಾಬಾಯಿ ಅದನ್ನೇ ಹಿಡಿದಿದ್ದಳು.

“ಆಕಿಗಿ ಮಣ್ಣ ಕೊಡ್ತಾರೋ, ಕತ್ತಲದಾಗ ದಬ್ಬತಾರೋ? ಅದೊಂದ ತಿಳಕೊಂಡ ಹೋಗಬೇಕ ನೋಡ ನಾ.”

ಎಲ್ಲಿಗೆ ಹೋಗುವುದು ಎಂದು ತಂಗಿ ಕೇಳಿರಲಿಲ್ಲ.

ಈಗ ಹೊಸ ಭಾಗ ಬಂದಿತ್ತು, ಮೂಲೆಯಲ್ಲಿ ಹದಿನೆಂಟು ಎಂದು ಬರೆದುಕೊಂಡು. ಮಗ ನಿಲೇಶ ಲಾಕ್ ಹಾಕಿ ಶ್ರದ್ಧಾಳನ್ನು ಎಬ್ಬಿಸಿ ಕಳಿಸಿದ್ದ.

“ಈ ಸಲ ಖರೇ ದೊಡ್ಡಾವ್ರದ ಮಾಡ್ಯಾರವ್ವಾ,” ಅಂದ, ತನ್ನ ಚಾದರದ ಅಂಗಡಿಯಲ್ಲಿ ಹೊಸ ಮಾಲು ಹೊಗಳುವ ಹಾಗೆ. “ಮೊದಲಿಂದು ಪೋರಗೋಳದ್ದಿತ್ತು. ಈಗ ಖೂನ ಖೂನದಂಗ, ಬೈಗಳ ಬೈಗಳದಂಗ. ಏಕದಮ್ ಅಸಲಿ.”

“ಮೊದಲಿಂದು ಪೋರಗೋಳದ್ದೇನೋ? ನೀರ ಸಾಲಂಗಿಲ್ಲ, ಪೆಟ್ಟಿಗ್ಯಾಗ ವರ್ಷಗಟ್ಟಲೆ ಮಲಗಿದ ಮಂದಿನ್ನ ಎಬ್ಬಸೂದೋ ಹಂಗೇ ಸಾಯಾಕ ಬಿಡೂದೋ ಅಂತ ಒಬ್ಬರ ಮಾರಿ ಒಬ್ಬರ ನೋಡಲಾರದಂಗ ಕೂತಿದ್ರಲ್ಲ, ಅದು ಪೋರಗೋಳದ್ದ? ಆವತ್ತ ಈ ಮನ್ಯಾಗ ಯಾರಿಗೂ ರೊಟ್ಟಿ ಇಳೀಲಿಲ್ಲ. ಅದಕ್ಕ ಯಾವ ನಂಬರ ಹಚ್ಚಿದ್ರು?”

“ನನ್ನ ಮ್ಯಾಲ ಯಾಕ ಬರ್ತಿ? ನಾ ಓದಿ ಹೇಳ್ತೀನಿ, ಬಾ.”

ಓದಲು ಕೂತ. ಮೊದಲಿಗೇ ಒಬ್ಬ ಕಾವಲುಗಾರ ಇನ್ನೊಬ್ಬನ ಕೊರಳಪಟ್ಟಿ ಹಿಡಿದು ಉಸಿರು ಬಿಡದೆ ಅರಚಿದ. ನಿಲೇಶ ಅಕ್ಷರ ನೋಡಿದ, ಅವ್ವನ ಮುಖ ನೋಡಿದ.

“ಏನಂದ್ನೋ?”

“ಅಂವಾ… ಸಿಟ್ಟಿಗೆದ್ದಾನ.”

“ಅದು ನನಗೂ ಕಾಣತೈತಿ. ಏನಂದ?”

“ನೀ ಚಲೋ ಮನಶ್ಯಾ ಅಲ್ಲ ಅಂದ.”

“ಅಷ್ಟ ಉದ್ದ ಬಾಯಿ ಮಾಡಿ ಇಷ್ಟ ಅಂದ್ನ?”

ಅಷ್ಟರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಕೋಣೆಯೊಳಗೆ ಬಂದು ಬಾಗಿಲು ಹಾಕಿಕೊಂಡರು. ದೀಪಾಲಿ ಹಾಲು ನೋಡುವ ನೆವದಿಂದ ಎದ್ದು ಹೋದಳು. ಒಲೆಯ ಮೇಲೆ ಹಾಲಿರಲಿಲ್ಲ. ನಿಲೇಶನ ಕಿವಿ ಕೆಂಪಾದವು. ರಿಮೋಟ್ ಒತ್ತಿ ಚಿತ್ರವನ್ನು ಮುಂದಕ್ಕೆ ಓಡಿಸಿದ.

ಸುಮಿತ್ರಾಬಾಯಿ ಗೋಡೆ ನೋಡುತ್ತ ಅಂದಳು: “ಹದಿನೆಂಟ ದಾಟಿದಾವ್ರ ನೋಡಬಹುದಂತ. ನೀ ನಲವತ್ತರಾಂವ, ನಾ ಎಪ್ಪತ್ತ ದಾಟಿದಾಕಿ. ಇಬ್ರೂ ಗ್ವಾಡಿ ನೋಡ್ಕೋತ ಕೂತೀವಿ. ಯಾರ ಸಲುವಾಗಿ ಮಾಡ್ಯಾರೋ ಇದನ್ನ?”

ನಿಲೇಶ ಕೊಲೆ ಬಂದಾಗ ಓಡಿಸದೆ ನೋಡಿದ, ನಾಚಿಕೆ ಬಂದಾಗ ಓಡಿಸಿದ. ಕೊನೆಗೆ, “ಬೀಜದ ಮುದುಕಿ ಸತ್ತಳವ್ವಾ,” ಅಂದ.

“ಮಣ್ಣ ಕೊಟ್ರೋ?”

“ಅದನ್ನ ತೋರಿಸಿಲ್ಲ.”

ಸೋಮವಾರ ಅಕ್ಕಲಕೋಟದಲ್ಲಿ ಸುಮಿತ್ರಾಬಾಯಿ ಅಷ್ಟನ್ನೇ ಹೇಳಿದಳು. ಶಾರದಾಬಾಯಿ ಕಾಣದ ಕಣ್ಣನ್ನು ತಂಗಿಯ ಕಡೆ ತಿರುಗಿಸಿದಳು.

“ತೋರಿಸಿಲ್ಲಂತ ಯಾರಂದ್ರು?”

“ನಮ್ಮ ನೀಲ್ಯಾ.”

“ನೀಲ್ಯಾ ಕಣ್ಣ ತೆರಕೊಂಡ ನೋಡಿದ್ನೇನ?”

ಆ ಮಾತು ಸುಮಿತ್ರಾಬಾಯಿಗೆ ಬಸ್ಸಿನ ದಾರಿಯುದ್ದಕ್ಕೂ ಚುಚ್ಚಿತು. ಅಕ್ಕ ಚಹಾ ಮುಟ್ಟದೆ ಮಗ್ಗುಲಾಗಿದ್ದಳು. ಅದೂ ಚುಚ್ಚಿತು. ಸೋಲಾಪುರದಲ್ಲಿ ಇಳಿದವಳು ಮನೆಗೆ ಹೋಗದೆ ನೇರ ಅಂಗಡಿಗೆ ಬಂದಳು.

“ನೀಲ್ಯಾ! ನಿನ್ನೆ ಏನೇನ ಓಡಿಸಿದಿ, ಎಲ್ಲಾ ಹಿಂದಕ ತಾ.”

“ಅವ್ವಾ, ಗಿರಾಕಿ ಅದಾರ…”

“ಗಿರಾಕಿಗೋಳೂ ಕೇಳ್ಲಿ. ಸತ್ತಾಕಿನ್ನ ಏನ ಮಾಡಿದ್ರು?”

ಚಾದರದ ಅಂಚು ಹಿಡಿದು ನೋಡುತ್ತಿದ್ದ ಗಿರಾಕಿ ಅದನ್ನು ಮೆಲ್ಲಗೆ ಕೆಳಗಿಟ್ಟ. ನಿಲೇಶ ಧ್ವನಿ ಇಳಿಸಿದ. “ಮುದುಕಿ ಮೈಮ್ಯಾಲ ಬಟ್ಟಿ ಅರಬಿ ಇರಲಿಲ್ಲವ್ವಾ. ನಿನ್ನ ಮುಂದ ಹೆಂಗ ಹಚ್ಚಿ ಕೂಡ್ಲಿ?”

“ನಡಿ ಮನಿಗಿ.”

ಮನೆಯಲ್ಲಿ ಆ ಚಿತ್ರ ಹಿಂದಕ್ಕೆ ಬಂತು. ಅದರಲ್ಲಿ ಮಾತೇ ಇರಲಿಲ್ಲ. ಕೆಳಗೆ ಒಂದಕ್ಷರವೂ ಓಡಲಿಲ್ಲ, ಓದಿ ಹೇಳುವವರು ಯಾರೂ ಬೇಕಾಗಿರಲಿಲ್ಲ. ಹಡಗಿನ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಕುಡಿಯುವ ನೀರಿನ ಪಾಲನ್ನು ತಂದು ಒಂದು ಪಾತ್ರೆಗೆ ಸುರಿದರು. ಆ ನೀರಿನಿಂದ ಮುದುಕಿಯ ಸುಕ್ಕುಗಟ್ಟಿದ ಬೆನ್ನು ತೊಳೆದರು, ಕೈ ತೊಳೆದರು, ಒಡೆದ ಹಿಮ್ಮಡಿ ತೊಳೆದರು. ಅವಸರವಿರಲಿಲ್ಲ. ಆಮೇಲೆ ಅವಳದೇ ಬೀಜದ ಮಡಿ ಅಗೆದು ಅವಳನ್ನು ಇಳಿಸಿ ಮಣ್ಣು ಮುಚ್ಚಿದರು.

ಸುಮಿತ್ರಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಒರೆಸಿಕೊಂಡ ಮೇಲೆ ಧ್ವನಿ ಎದ್ದಿತು.

“ಇದನ್ನ ಓಡಿಸಿದ್ಯಾ? ಕುತಗಿ ಕೊಯ್ಯೂದು ನಿಂತ ನೋಡಿದಿ, ಇದನ್ನ ಓಡಿಸಿದಿ! ನಿನ್ನ ಆಯಿ, ಅಂದ್ರ ನಮ್ಮತ್ತಿ, ತೀರಿಕೊಂಡಾಗ ಆಕಿ ಮೈ ನಾನೇ ತೊಳದೀನಿ. ನಿನ್ನ ಮಗಳ ತಂಬಿಗಿ ಹಿಡಕೊಂಡ ಬಾಜೂಕ ನಿಂತಿದ್ಲು. ಆವತ್ತ ಪೋರಿ ವಯಸ್ಸ ಎಷ್ಟಂತ ಯಾರರ ಕೇಳಿದ್ರೇನೋ?”

ನಿಲೇಶ ತಲೆ ತಗ್ಗಿಸಿದ್ದ. ಆದರೂ ಒಂದು ಮಾತು ತೆಗೆದ. “ಆ ಹದಿನೆಂಟ ಹಾಕಿದ್ದಕ್ಕ ಇದನ್ನ ತೋರಿಸಾಕ ಬಂತವ್ವಾ. ಇಲ್ಲಂದ್ರ ಕತ್ತರಿ ಹಾಕತಿದ್ರು.”

“ಹಾಕತಿದ್ದರೇನೋ. ಬ್ಯಾಡ ಅನ್ನಂಗಿಲ್ಲ. ಹಂಗಾದ್ರ ಎರಡೂ ಒಂದ ಚೀಲದಾಗ ಯಾಕ ತುಂಬ್ಯಾರ? ಜ್ವಾಳಾ ಕಸಾ ಕೂಡೇ ತುಂಬಿ ಮ್ಯಾಲ ಹದಿನೆಂಟ ಅಂತ ಬರದ್ರ, ಹಸನ ಮಾಡೂ ಕೆಲಸದಾಗಿಂದ ಮಾರಾಂವ ಪಾರಾದ. ಬೈದ್ರ ದೊಡ್ಡಾವ್ರ ಆಗ್ತಾರೇನ? ಹಂಗಿದ್ರ ಸ್ಟ್ಯಾಂಡಿನ್ಯಾಗಿನ ಕುಡುಕರ ಎಲ್ಲಾರಕಿಂತ ದೊಡ್ಡಾವ್ರ. ಶ್ರದ್ಧಾ! ಬಾ ಇಲ್ಲಿ.”

“ಅವ್ವಾ, ಲಾಕ್…”

“ಗಪ್ಪ ಕೂಡು. ಆ ಚಿತ್ರ ಮತ್ತ ಹಚ್ಚು.”

ಶ್ರದ್ಧಾ ಅಜ್ಜಿಯ ತೊಡೆಗೆ ಒರಗಿ ನೋಡಿದಳು. ಮಣ್ಣು ಮುಚ್ಚಿದ್ದೇ ತಡ, ಕಾವಲುಗಾರ ಚೂರಿ ಹಿಡಿದು ಬಾಯಿ ತೆರೆದ. ಸುಮಿತ್ರಾಬಾಯಿ ರಿಮೋಟ್ ಕಸಿದುಕೊಂಡು ಸಿಕ್ಕ ಗುಂಡಿ ಒತ್ತಿದಳು. ಬೈಗುಳ ಮನೆ ತುಂಬ ಗುಡುಗಿತು. ಒಳಗಿನಿಂದ ದೀಪಾಲಿ, “ಅಯ್ಯ ಅಯ್ಯ!” ಎಂದು ಕೂಗಿದಳು.

“ಆಯಿ, ಇದನ್ನ ನಾ ಸಾಲ್ಯಾಗ ದಿನಾ ಕೇಳ್ತೀನಿ,” ಎಂದು ಶ್ರದ್ಧಾ ತಾನೇ ಟಿ.ವಿ. ಆರಿಸಿದಳು.

ಮರುದಿನ ಸೋಮವಾರವಾಗಿರಲಿಲ್ಲ. ಆದರೂ ಸುಮಿತ್ರಾಬಾಯಿ ಶಾಲೆ ತಪ್ಪಿಸಿ ಮೊಮ್ಮಗಳನ್ನು ಅಕ್ಕಲಕೋಟಕ್ಕೆ ಕರೆದೊಯ್ದಳು. ಬಸ್ಸಿನಲ್ಲಿ ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ; ಚಿಲ್ಲರೆ ಕೇಳಿದ ಕಂಡಕ್ಟರನಿಗೂ ಅದರ ಪಾಲು ಸಿಕ್ಕಿತು.

ಚಪ್ಪಲಿಯ ಸಪ್ಪಳಕ್ಕೆ ಶಾರದಾಬಾಯಿ ಕತ್ತೆತ್ತಿದಳು, ಏನೂ ಕೇಳಲಿಲ್ಲ. ಶ್ರದ್ಧಾ ಹಾಸಿಗೆಯ ಅಂಚಿಗೆ ಕೂತು, ಅಪ್ಪ ಓಡಿಸಿಬಿಟ್ಟಿದ್ದನ್ನು ಹೇಳತೊಡಗಿದಳು. ಯಾರು ಮೊದಲು ನೀರು ತಂದರು, ಯಾರು ಬೆನ್ನು ತೊಳೆದರು, ಹಿಮ್ಮಡಿಯನ್ನು ಹೇಗೆ ಅಂಗೈಯಲ್ಲಿಟ್ಟುಕೊಂಡು ಉಜ್ಜಿದರು. ಶಾರದಾಬಾಯಿ ನಡುವೆ ಒಮ್ಮೆ ತಡೆದು, “ಕುಡಿಯೂ ನೀರ ಕೊಟ್ರಾ?” ಅಂದಳು. “ಹೂಂ ದೊಡ್ಡಾಯಿ, ಎಲ್ಲಾರೂ.” ಮಣ್ಣಿಗೆ ಇಳಿಸಿದ್ದನ್ನು ಕೇಳಿದ ಮೇಲೆ ಶಾರದಾಬಾಯಿ ಕೈ ಚಾಚಿ ತಂಗಿಯ ಮಣಿಕಟ್ಟು ಹುಡುಕಿ ಹಿಡಿದಳು.

“ನನಗೂ ಹಿಂಗ ನಿಧಾನಕ್ಕ ತೊಳೀರಿ, ಸುಮೀ. ಓಡಸಬ್ಯಾಡ್ರಿ.”