ಹೆಡ್ವಿಕಾ ಹೊರಟಳು

ಅಲೊಯಿಸ್ ಮುದುಕನನ್ನು ಯಾರಾದರೂ ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೊಗಳುವವರೇ ಎಲ್ಲ. ಎಂಥ ಕೈಗುಣವಂತೆ, ಎಂಥ ತಾಳ್ಮೆಯಂತೆ, ನಮ್ಮ ಇಡೀ ಮೊರಾವಿಯಾ ಸೀಮೆಯಲ್ಲಿ ಅವನಂಥ ಐರಿಸ್ ಹೂ ಬೆಳೆಯುವವನು ಇನ್ನೊಬ್ಬನಿಲ್ಲವಂತೆ! ಬೇಲಿಯ ಈಚೆಗೆ ಇಷ್ಟು ವರ್ಷ ಬಾಳಿದ ನನ್ನನ್ನು ಕೇಳಿ, ಹೇಳುತ್ತೇನೆ. ಆ ಕೈ ಅವನದಲ್ಲ, ಮಗಳು ಹೆಡ್ವಿಕಾಳದು.

ಅಲೊಯಿಸ್ ರೈಲ್ವೆಯಲ್ಲಿ ಸಿಗ್ನಲ್ ಕೆಲಸದಲ್ಲಿದ್ದವನು. ಹೆಂಡತಿ ಸತ್ತ ಮೇಲೆ ಐರಿಸ್ ಹುಚ್ಚು ಹಿಡಿಯಿತು. ಕೈನಡುಕ ಶುರುವಾದ ಮೇಲೆ ಚಿಮಟ ಮಗಳ ಕೈಗೆ ಬಂತು. ಹೊಸ ತಳಿ ಬೇಕೆಂದರೆ ಇಬ್ಬನಿ ಆರುತ್ತಿದ್ದಂತೆ, ದುಂಬಿಗಳು ಬರುವ ಮೊದಲು, ಒಂದು ಹೂವಿನ ಪರಾಗ ಕಿತ್ತು ಇನ್ನೊಂದಕ್ಕೆ ಸವರಬೇಕು. ಯಾವುದಕ್ಕೆ ಯಾವುದು ಎಂದು ದಾರದಲ್ಲಿ ಚೀಟಿ ಕಟ್ಟಬೇಕು. ಬೀಜ ಬಿತ್ತಿದ ಸಸಿ ಹೂ ಬಿಡುವ ಹೊತ್ತಿಗೆ ವರ್ಷಗಳೇ ಉರುಳುತ್ತವೆ. ಬಿಟ್ಟವುಗಳಲ್ಲೂ ಮುಕ್ಕಾಲುವಾಸಿ ಗೊಬ್ಬರದ ಗುಂಡಿಗೆ. ಅದಕ್ಕೇ ಸಸಿಗಳಿಗೆ ಬರೀ ನಂಬರು. ಹೆಸರಿಟ್ಟದ್ದನ್ನು ಗುಂಡಿಗೆ ಎಸೆಯಲು ಮನಸ್ಸು ಬರುವುದಿಲ್ಲ ಎಂದು ಈ ಹೂವಿನವರೆಲ್ಲ ಹೇಳುತ್ತಾರೆ.

ಹೆಡ್ವಿಕಾಗೆ ನಲವತ್ತು ದಾಟಿದ ಮೇಲೆ, ನಮ್ಮೂರಿಗೆ ಬರುವ ಬಸ್ಸಿನ ಡ್ರೈವರ್ ಕಾಮಿಲ್ ಅವಳನ್ನು ಮೆಚ್ಚಿದ. ಹೆಂಡತಿ ಬಿಟ್ಟುಹೋದ ಗಂಡಸು, ಆದರೂ ನಗುನಗುತ್ತಾ ಇರುತ್ತಿದ್ದ. ಹೆಡ್ವಿಕಾ ಬಸ್ಸು ಹತ್ತಿದರೆ ಅವಳ ಕುಂಡಗಳಿಗೂ ಒಂದು ಸೀಟು ಬಿಟ್ಟುಕೊಡುತ್ತಿದ್ದ. ಒಂದು ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮನೆಯಲ್ಲೇ ಇಳಿಸಿದ ಪ್ಲಮ್ ಸಾರಾಯಿಯ ಬಾಟಲಿ ಹಿಡಿದು ಬಂದೇಬಿಟ್ಟ. ಆಗ ನಾನೂ ಅವರ ಅಂಗಳದಲ್ಲಿದ್ದೆ.

"ಯಜಮಾನ್ರೇ, ಸುತ್ತಿ ಬಳಸಿ ಮಾತಾಡೋಕೆ ನಂಗೆ ಬರಲ್ಲ. ನಿಮ್ಮ ಮಗಳನ್ನ ಕೇಳೋಕೆ ಬಂದಿದೀನಿ" ಎಂದ.

"ಕರ್ಕೊಂಡು ಹೋಗಪ್ಪಾ, ನಾನೇನು ಕಟ್ಟಿ ಹಾಕಿದೀನಾ?" ಎಂದ ಅಲೊಯಿಸ್. "ಆದ್ರೆ ಅಲ್ಲಿ ನೋಡು, ಆ ಕೊನೇ ಸಾಲಲ್ಲಿ. ಅಂಥದ್ದು ಜೀವಮಾನಕ್ಕೆ ಒಂದೇ ಸಲ ಬರೋದು. ಅದಕ್ಕೊಂದು ಹೆಸರಾಗ್ಲಿ. ಅಷ್ಟು ಮಾಡಿಕೊಟ್ಟು ಹೋಗ್ಲಿ. ನನ್ನ ಕೈ ನೋಡಿದ್ಯಾ?" ನಡುಗುವ ಕೈಯನ್ನು ಎತ್ತಿ ತೋರಿಸಿದ. ಬೇಕಾದಾಗಲೆಲ್ಲ ಆ ಕೈ ಇನ್ನಷ್ಟು ನಡುಗುತ್ತದೆ.

ಹೂವಿನ ವಿಷಯದಲ್ಲಿ ಅವನು ಸುಳ್ಳು ಹೇಳಿರಲಿಲ್ಲ. ಮೇಲಿನ ಎಸಳುಗಳು ಹಳೆಯ ತಾಮ್ರದ ಬಣ್ಣ, ಕೆಳಗಿನವು ಬಿಳಿಗೆ ತಿರುಗಿದ ನೇರಳೆ, ನಡುವೆ ಗಡ್ಡದಂಥ ಕುಚ್ಚು ಕೆಂಡದಂತೆ. ನನಗೆ ಹೂವುಗಳ ಮೇಲೆ ಅಂಥ ಪ್ರೀತಿಯೇನಿಲ್ಲ, ಆದರೂ ನೋಡುತ್ತಾ ನಿಂತುಬಿಟ್ಟಿದ್ದೆ.

"ಹೆಸರಿಡೋಕೆ ಎಷ್ಟು ಹೊತ್ತಾಗುತ್ತೆ?" ಎಂದು ಕಾಮಿಲ್ ನಕ್ಕ. "ನಮ್ಮಪ್ಪ ಒಂದು ಲೋಟ ಬಿಯರ್ ಮುಗಿಯೋದ್ರೊಳಗೆ ಅವಳಿ ಮಕ್ಕಳಿಗೆ ಹೆಸರಿಟ್ಟಿದ್ದ!"

"ಹೆಸರಾಗೋವರೆಗೂ ಇರ್ತೀನಪ್ಪಾ. ಆಮೇಲೆ ಹೊರಡ್ತೀನಿ" ಎಂದಳು ಹೆಡ್ವಿಕಾ. ಆ ಮನೆಯಲ್ಲಿ ಕೊಟ್ಟ ಮಾತೆಂದರೆ ಮಾತು.

ಐರಿಸ್‌ಗೆ ಹೆಸರಿಡುವುದು ಮಗುವಿಗೆ ಇಟ್ಟಷ್ಟು ಸುಲಭವಲ್ಲ ಎಂಬುದು ಪಾಪ, ಕಾಮಿಲ್‌ಗೆ ಎಲ್ಲಿ ಗೊತ್ತು? ಜಗತ್ತಿನಲ್ಲಿ ಒಂದು ಐರಿಸ್‌ಗೆ ಇಟ್ಟ ಹೆಸರನ್ನು ಇನ್ನೊಂದಕ್ಕೆ ಇಡುವಂತಿಲ್ಲ. ಯೋಚಿಸಿದ ಹೆಸರನ್ನು ಅಮೆರಿಕದ ಐರಿಸ್ ಸಂಘಕ್ಕೆ ಬರೆದು ಕಳಿಸಬೇಕು. ಅಲ್ಲಿಯವರು ಹುಡುಕಿ ನೋಡಿ, ಯಾರೂ ಇಟ್ಟಿಲ್ಲವಾದರೆ ಹೂಂ ಅನ್ನಬೇಕು. ನಮ್ಮಲ್ಲಿ ಆ ಕಾಲದಲ್ಲಿ ಅಮೆರಿಕಕ್ಕೆ ಹೋಗಿಬರುವ ಕಾಗದವನ್ನು ಸರ್ಕಾರದವರು ಬಿಚ್ಚಿ ಓದಿ, ಮನಸ್ಸಾದಾಗ ಮುಂದಕ್ಕೆ ಬಿಡುತ್ತಿದ್ದರು.

ಅಲೊಯಿಸ್ 'ಸಂಜೆಯ ಜೇನು' ಎಂದು ಕಳಿಸಿದ. ಚಳಿಗಾಲದಲ್ಲಿ ಉತ್ತರ ಬಂತು: ಆ ಹೆಸರು ಆಗಲೇ ಇದೆ. ನಿಟ್ಟುಸಿರು ಬಿಟ್ಟು 'ತಾಮ್ರದ ರಾಣಿ' ಎಂದು ಕಳಿಸಿದ. ಅದೂ ಇದೆ. 'ಕೆಂಡದ ಮುತ್ತು', ಅದೂ ಇದೆ! ಕಾಮಿಲ್ ಮೊದಮೊದಲು ಭಾನುವಾರಗಳಂದು ಬಂದು ನಗಿಸಿ ಹೋಗುತ್ತಿದ್ದ. ಆಮೇಲೆ ಬಂದು ಸುಮ್ಮನೆ ಕೂರತೊಡಗಿದ. ಮೂರನೆಯ ಚಳಿಗಾಲಕ್ಕೆ ಭಾನುವಾರವೂ ಬಸ್ಸಿನ ಡ್ಯೂಟಿ ಇದೆ ಎನ್ನತೊಡಗಿದ.

ಆ ಚಳಿಗಾಲದಲ್ಲೇ ಹಂದಿ ಕಡಿದ ಊಟಕ್ಕೆಂದು ಊರವರೆಲ್ಲ ಹೋಟೆಲಿನಲ್ಲಿ ಸೇರಿದ್ದೆವು. ಗಂಡಸರು ಅಲೊಯಿಸನನ್ನು ಹಿಡಿದು ಹಳೆಯ ಆಟಕ್ಕೆ ಕೂತರು. ಒಬ್ಬ ಬಾಯಿಗೆ ಬಂದ ಹೆಸರು ಕೂಗುವುದು. ಆ ಹೆಸರಿನ ಐರಿಸ್ ಇದೆಯೋ, ಇದ್ದರೆ ಬೆಳೆದವನು ಯಾರೋ, ಅಲೊಯಿಸ್ ಹೇಳುವುದು. "ಬೆಳ್ಳಿ ಮೋಡ!" ಎಂದು ಕೂಗಿದ ನನ್ನ ಗಂಡ ಓಲ್ದಾ. "ಇದೆ. ಫ್ರಾನ್ಸಿನವನದು, ಯುದ್ಧಕ್ಕೆ ಮುಂಚಿನದು." "ಕುಡುಕನ ಮೂಗು!" "ಇಲ್ಲ, ಅದು ನಿನಗೇ ಮೀಸಲು." ಹೋಟೆಲೆಲ್ಲ ಗೊಳ್ಳೆಂದಿತು. ಒಂದಾದರೂ ತಪ್ಪಲಿಲ್ಲ ಮುದುಕ. ನನ್ನ ಬಾಯಲ್ಲಿದ್ದ ಸಾಸೇಜು ಬಾಯಲ್ಲೇ ಉಳಿಯಿತು. ಇಷ್ಟೆಲ್ಲ ಬಾಯಿಪಾಠ ಇರುವವನಿಗೆ 'ಸಂಜೆಯ ಜೇನು' ಆಗಲೇ ಇದೆ ಎಂದು ಗೊತ್ತಿರಲಿಲ್ಲವೇ?

ಮರುದಿನ ಬೆಳಿಗ್ಗೆಯೇ ಅವರ ಅಡುಗೆಮನೆಗೆ ನುಗ್ಗಿದೆ. ಹೆಡ್ವಿಕಾ ಗಸಗಸೆ ಅರೆಯುತ್ತಿದ್ದಳು.

"ಲೇ ಹೆಡ್ವಿಕಾ, ನಿಮ್ಮಪ್ಪ ಇರೋ ಹೆಸರುಗಳನ್ನೇ ಹುಡುಕಿ ಹುಡುಕಿ ಕಳಿಸ್ತಿದಾನೆ ಕಣೇ! ನಿನ್ನ ಬಿಡಬಾರ್ದು ಅಂತ!"

ಅವಳು ಅರೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು, ಯಾರ್ಮಿಲಾ. ಎರಡನೇ ಹೆಸರು ವಾಪಸ್ ಬಂದಾಗ್ಲೇ ಗೊತ್ತಾಯ್ತು."

"ಮತ್ತೆ? ಬಾಯಿಗೆ ಬೀಗ ಹಾಕ್ಕೊಂಡಿದೀಯಾ?"

"ಏನಂತ ಹೇಳ್ಲಿ? ಹೋಗಬೇಡ ಅಂತ ಬಾಯಿಬಿಟ್ಟು ಹೇಳಿದ್ರೆ ಜಗಳ ಆಡ್ಬಹುದು. ಹೋಗು ಹೋಗು ಅಂತಾನೇ ಇದಾನಲ್ಲ. ಹೋಗು ಅನ್ನೋನ ಹತ್ರ ಹೇಗೆ ಜಗಳ ಆಡೋದು?"

ಆಗ ಅವಳ ಮುಖ ನೋಡಲು ನನಗೆ ಆಗಲಿಲ್ಲ. ಜೈಲಿನಲ್ಲಿದ್ದವರಿಗೆ ಕಂಬಿಯಾದರೂ ಕಾಣಿಸುತ್ತದೆ. ಆದರೂ ನಾನು ಬಿಡದೆ ಬೈದೆ: ಕಾಮಿಲ್ ಕಲ್ಲಲ್ಲ, ಎಷ್ಟು ದಿನ ಅಂತ ಕಾಯುತ್ತಾನೆ, ನಿನ್ನ ಬಾಯಿಂದಲೇ ಒಂದು ಹೆಸರು ಹೇಳು ಎಂದೆ.

ಮಂಜು ಕರಗುವ ಕಾಲಕ್ಕೆ ಒಂದು ದಿನ ನನ್ನನ್ನು ಕರೆಸಿದಳು. ಹೆಸರು ಬರೆಯುವ ಕಾಗದವನ್ನು ಅಪ್ಪನ ಮುಂದಿಟ್ಟು ನಿಂತಿದ್ದಳು. ಅದರಲ್ಲಿ ಅವಳ ಅಕ್ಷರದಲ್ಲಿ, ನಮ್ಮ ಭಾಷೆಯಲ್ಲೇ, 'ಹೆಡ್ವಿಕಾ ಹೊರಟಳು' ಎಂದಿತ್ತು.

"ಈ ಹೆಸರು ಯಾರಾದ್ರೂ ಇಟ್ಟಿದಾರಾಪ್ಪಾ? ಇದ್ರೆ ಯಾರ್ಮಿಲಾ ಎದುರಿಗೇ ಹೇಳು."

ಮುದುಕ ಕೂಗಾಡುತ್ತಾನೆ, ಇಲ್ಲವೇ ಅಳುತ್ತಾನೆ ಎಂದು ನಾನು ತೋಳೇರಿಸಿ ಜಗಳಕ್ಕೆ ನಿಂತ ಹಾಗೆ ನಿಂತಿದ್ದೆ. ಅವನು ಕನ್ನಡಕ ಹಾಕಿಕೊಂಡು ಓದಿದ. "ಇಲ್ಲಮ್ಮ, ಯಾರೂ ಇಟ್ಟಿಲ್ಲ. ಒಳ್ಳೇ ಹೆಸರು" ಎಂದು ಸಹಿ ಮಾಡಿಬಿಟ್ಟ. ಕೈ ಅಷ್ಟೇನೂ ನಡುಗಲಿಲ್ಲ. ಹೆಡ್ವಿಕಾ ಅವನ ತಲೆಗೆ ಮುತ್ತಿಟ್ಟಳು. ನನಗೂ ಕಣ್ಣು ತುಂಬಿತು. ಎಲ್ಲಾದರೂ ನಾನೇ ಮುದುಕನನ್ನು ತಪ್ಪು ತಿಳಿದೆನೇನೋ ಅನ್ನಿಸಿತು.

ಮನೆಗೆ ಬಂದು ಓಲ್ದಾಗೆ ಸಂಭ್ರಮದಿಂದ ಹೇಳಿದೆ. ಅವನು ಬೂಟಿನ ದಾರ ಬಿಚ್ಚುತ್ತಿದ್ದವನು ಹಾಗೇ ಕೂತ.

"ಈಗ ಸಹಿ ಮಾಡಿದ್ನಾ? ಕಾಮಿಲ್ ಆ ಹಾಲಿನಂಗಡಿಯ ವಿಧವೆನ ಮದುವೆ ಆಗ್ತಿದಾನಲ್ಲೇ. ಶನಿವಾರ ಹೋಟೆಲಲ್ಲಿ ಎಲ್ರಿಗೂ ಅವನೇ ಕುಡಿಸಿದ."

"ಅಲೊಯಿಸ್ ಇದ್ನಾ?"

"ಇದ್ದ. ಅವನ ಲೋಟಕ್ಕೆ ಲೋಟ ತಾಗಿಸಿ ಒಳ್ಳೇದಾಗ್ಲಿ ಅಂದ."

ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದೆ. ಮುದುಕ ಜಗಲಿಯಲ್ಲಿ ಪೈಪು ಸೇದುತ್ತಿದ್ದ. "ಏನಯ್ಯಾ ಪಾಪಿ, ಹಕ್ಕಿ ಸತ್ತ ಮೇಲೆ ಪಂಜರದ ಬಾಗಿಲು ತೆಗೆದ್ಯಾ?" ಎಂದು ಕಿರುಚಿದೆ.

"ಮೆಲ್ಲಗೆ ಮಾತಾಡು ತಾಯಿ" ಎಂದ. "ಸಹಿ ಕೇಳಿದ್ಲು, ಹಾಕಿದೆ. ಗೇಟು ತೆಗೆದೇ ಇದೆ, ಬೇಕಾದ್ರೆ ನೀನೇ ನೋಡ್ಕೋ."

ಗೇಟು ನಿಜವಾಗಿಯೂ ತೆಗೆದೇ ಇತ್ತು. ಕಾಮಿಲ್‌ನ ಸುದ್ದಿಯನ್ನು ಹೆಡ್ವಿಕಾಗೆ ಹೇಳಬೇಕಾದವಳು ನಾನಾದೆ. ಅವಳು ಅಳಲಿಲ್ಲ. ಹೊರಡೋಣವೆಂದು ಕೆಳಗಿಳಿಸಿದ್ದ ಸೂಟ್‌ಕೇಸನ್ನು ಬೀರುವಿನ ಮೇಲೆ ಎತ್ತಿಡುತ್ತಾ, "ಈ ಬೇಸಿಗೆ ಗೆಡ್ಡೆ ಕಿತ್ತು ಬೇರೆ ಮಾಡ್ಬೇಕು, ಅದಾದ್ಮೇಲೆ ನೋಡೋಣ" ಎಂದಳು.

ಹೆಸರು ಒಪ್ಪಿಗೆಯಾಗಿ ಬಂತು. ಒಮ್ಮೆ ಇಟ್ಟದ್ದನ್ನು ಬದಲಿಸುವಂತಿಲ್ಲ. ಆ ಹೂವಿನ ಗೆಡ್ಡೆಗಳು ಜರ್ಮನಿಗೆ, ಇಟಲಿಗೆ, ಆಸ್ಟ್ರೇಲಿಯಾಕ್ಕೂ ಹೋದವು. ಮಣ್ಣು ತೊಳೆದು, ಒಣಗಿಸಿ, ಕಟ್ಟು ಕಟ್ಟುವವಳು ಅವಳೇ.

ಮೊನ್ನೆ ಮೇ ತಿಂಗಳಲ್ಲಿ ಬ್ರ್ನೊ ನಗರದಿಂದ ಒಂದು ಗುಂಪು ತೋಟ ನೋಡಲು ಬಂದಿತ್ತು. ಆ ಹೂವಿನ ಮುಂದೆ ನಿಂತು, ಟೋಪಿ ಹಾಕಿದ್ದ ಒಬ್ಬಾಕೆ ಫಲಕ ಓದಿ ಕೇಳಿದಳು: "ಹೆಡ್ವಿಕಾ ಹೊರಟಳು... ಎಷ್ಟು ಚೆಂದದ ಹೆಸರು! ಎಲ್ಲಿಗೆ ಹೊರಟಳಂತೆ ಈ ಹೆಡ್ವಿಕಾ?"

"ಅಡುಗೆಮನೆಗೆ" ಎಂದ ಅಲೊಯಿಸ್. "ನಿಮಗೆಲ್ಲ ಕಾಫಿ ತರೋಕೆ!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅಷ್ಟರಲ್ಲಿ ಹೆಡ್ವಿಕಾ ತಟ್ಟೆ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡಳು. ಅವಳನ್ನು ಕಂಡು ಅವರ ನಗು ಇನ್ನೂ ಜೋರಾಯಿತು. ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಅವಳೂ ನಕ್ಕಳು, ಆಮೇಲೆ ಒಬ್ಬೊಬ್ಬರಿಗೂ ಎಷ್ಟು ಸಕ್ಕರೆ ಎಂದು ಕೇಳುತ್ತಾ ಬಂದಳು.