ಹೆಬ್ಬೆಟ್ಟಿಗೆ ಹರಳೆಣ್ಣೆ

ನನ್ನ ಮೊಮ್ಮಗಳ ದುಡ್ಡು ಬಂತು! ಕೆಲಸ ಕಲಿಯುವ ಮಕ್ಕಳಿಗೆ ಸರ್ಕಾರ ಕೊಡುತ್ತದಲ್ಲ, ಆ ಶಿಷ್ಯವೇತನ, ನಿಂತುಹೋಗಿದ್ದ ಅಷ್ಟೂ ತಿಂಗಳದ್ದು ಒಂದೇ ಸಲಕ್ಕೆ ಬಂತು. ಇವತ್ತು ಭಾನುವಾರ. ಮಧ್ಯಾಹ್ನ ಅವಳ ಬೆರಳಿಗೆ ಹರಳೆಣ್ಣೆ ತಿಕ್ಕುತ್ತಾ ಕೂತಿದ್ದೆ. ಫೋನು ಟಿಣ್ ಅಂದಿತು. ನೋಡಿದವಳೇ, "ಅಜ್ಜೀ, ಬಿತ್ತು!" ಅಂತ ಕೂಗಿ, ಎಣ್ಣೆ ಕೈಯಲ್ಲೇ ನನ್ನ ಎರಡೂ ಕೆನ್ನೆ ಹಿಡಿದುಬಿಟ್ಟಳು. ಮುಖವೆಲ್ಲ ಹರಳೆಣ್ಣೆ. ಆ ವಾಸನೆಗೆ ನನಗೆ ನಮ್ಮ ಮಗ್ಗದ ಮೇಡಂ ನೆನಪಾದರು...

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಚಳ್ಳಕೆರೆಯಲ್ಲಿ ಹೆಂಗಸರಿಗೆ ಕಂಬಳಿ ನೇಯುವುದನ್ನು ಕಲಿಸುವ ಕೇಂದ್ರ ಇತ್ತು. ಕಲಿತಷ್ಟು ದಿನ ತಿಂಗಳಿಗಿಷ್ಟು ಅಂತ ಸರ್ಕಾರ ದುಡ್ಡು ಕೊಡುತ್ತಿತ್ತು. ನಮ್ಮತ್ತೆ ನಂಬಲೇ ಇಲ್ಲ. "ಕಲಿಸಿದೋರಿಗೆ ನಾವು ಕೊಡೋದು ಐತೆ, ಕಲಿಯೋಳಿಗೆ ಯಾರು ಕೊಡ್ತಾರೆ? ನಿನ್ನ ಕಿವಿ ಮೇಲೆ ಹೂವ ಇಟ್ಟವ್ರೆ!" ಅಂದರು. ಆದರೂ ಹೋದೆ. ಮನೆಯಲ್ಲಿ ಕುರಿ ಇದ್ದವು, ಉಣ್ಣೆ ಇತ್ತು, ನೇಯಲು ಮಾತ್ರ ಬರುತ್ತಿರಲಿಲ್ಲ.

ಕಲಿಸುತ್ತಿದ್ದ ಮೇಡಂ ಮೊಳಕಾಲ್ಮೂರಿನವರು. ರೇಷ್ಮೆ ಸೀರೆ ನೇಯುವ ಮನೆಯ ಹೆಣ್ಣುಮಗಳು, ನಮ್ಮ ಒರಟು ಉಣ್ಣೆಗೆ ಬಂದು ಕೂತಿದ್ದರು. ಕನ್ನಡದಲ್ಲಿ ಶುರು ಮಾಡಿದ ಮಾತು ತೆಲುಗಿನಲ್ಲಿ ಮುಗಿಯುತ್ತಿತ್ತು. ಉಣ್ಣೆ ನೂಲು ಎಳೆದೆಳೆದು ನಮ್ಮ ಬೆರಳ ತುದಿಗಳು ಸವೆದು ಸೀಳುತ್ತಿದ್ದವು. ದಿನಾ ಸಂಜೆ ಕದ ಹಾಕುವ ಮುಂಚೆ ಎಲ್ಲರನ್ನೂ ಸಾಲಾಗಿ ಕೂರಿಸಿ, ಅಂಗೈಗೆ ಹರಳೆಣ್ಣೆ ಹಾಕುತ್ತಿದ್ದರು. "ಬೆರಳು ಉಳಿಸ್ಕೊಳ್ರಮ್ಮಾ. ಮಗ್ಗ ಎಲ್ಲಿಗೂ ಓಡೋಗಲ್ಲ," ಅನ್ನುತ್ತಿದ್ದರು.

ಮೊದಲ ತಿಂಗಳ ದುಡ್ಡು ಕೊಡುವ ದಿನ ನಾನು ಎಲ್ಲರಿಗಿಂತ ಮುಂದೆ ನಿಂತಿದ್ದೆ. ಹೆಬ್ಬೆಟ್ಟಿಗೆ ಮಸಿ ಒತ್ತಿಕೊಂಡು ಪುಸ್ತಕದ ಮೇಲೆ ಇಡಬೇಕು, ಅಷ್ಟರಲ್ಲಿ ಮೇಡಂ ಪಟ್ಟನೆ ಪುಸ್ತಕ ಮುಚ್ಚಿದರು.

"ಏಮ್ಮಾ, ಎಳೆ ತಪ್ಪದಂಗೆ ನೇಯ್ತೀಯ, ಹೆಸರು ಬರೆಯಾಕೆ ಬರಲ್ವಾ? ಬರೆದು ತಗೋ. ದುಡ್ಡು ಇಲ್ಲೇ ಇರ್ತದೆ."

ನನಗೆ ಬಂದ ಸಿಟ್ಟು ಹೇಳತೀರದು. ಬರಿಗೈಯಲ್ಲಿ ಮನೆಗೆ ಹೋದೆ. "ನಾನು ಹೇಳಲಿಲ್ವಾ?" ಅಂತ ಅತ್ತೆ ಗೆದ್ದವರ ಹಾಗೆ ನಕ್ಕರು. ಮುಂದಿನ ಸೋಮವಾರದೊಳಗೆ ದುಡ್ಡು ತರದಿದ್ದರೆ ಕುರಿ ಹಿಂದೆ ಹೋಗಬೇಕು ಅಂತ ತೀರ್ಮಾನವೂ ಆಯಿತು.

ಮಾರನೆಯ ದಿನ ಮುಖ ಊದಿಸಿಕೊಂಡು ಮಗ್ಗದ ಮುಂದೆ ಕೂತೆ. ಮೇಡಂ ಒಂದು ಮಾರು ಕರಿ ನೂಲು ತಂದು, ನೆಲದ ಮೇಲೆ ಬಳಸಿ ಬಳಸಿ ಇಟ್ಟರು. ನೋಡಿದರೆ ಅಕ್ಷರ! "ಈರಕ್ಕ. ಇದು ನೀನೇ," ಅಂದರು. ಅದರ ಮೇಲೆ ಬೆರಳಾಡಿಸು, ಕಿತ್ತು ಹಾಕು, ನೀನೇ ಇಡು ಅಂತ ಹೇಳಿಕೊಟ್ಟರು. ಸೀಮೆಸುಣ್ಣ ಹಿಡಿಯಲು ಹೆದರುವ ಕೈ ನೂಲಿಗೆ ಹೆದರಲಿಲ್ಲ. ಐದೇ ದಿನಕ್ಕೆ ಪುಸ್ತಕದಲ್ಲಿ ಬರೆದೆ. ಒಂದು ಒತ್ತಕ್ಷರ ಬಿಟ್ಟಿದ್ದೆ, ಈರಕ್ಕ ಹೋಗಿ ಈರಕ ಆಗಿತ್ತು. ಮೇಡಂ ನಕ್ಕು, "ಈ ಈರಕ ಯಾರೋ ನಾ ಕಾಣೆ. ಈರಕ್ಕನ್ನ ಕರೀ, ದುಡ್ಡು ಕೊಡ್ತೀನಿ," ಅಂದರು. ಒತ್ತು ಕೊಟ್ಟೆ. ದುಡ್ಡು ತಂದು ಅತ್ತೆಯ ಮಡಿಲಿಗೆ ಹಾಕಿದೆ. ಅವರು ನೋಟನ್ನು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಕುರಿಯ ಮಾತು ಬರಲಿಲ್ಲ.

ಈಗ ಕಾಲ ತಿರುಗಿದೆ ನೋಡಿ. ನನ್ನ ಮೊಮ್ಮಗಳು ಐಟಿಐ ಓದಿದವಳು, ಮುತ್ತು ಪೋಣಿಸಿದ ಹಾಗೆ ಬರೆಯುತ್ತಾಳೆ. ಚಳ್ಳಕೆರೆಯ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಕೆಲಸ ಕಲಿಯುತ್ತಿದ್ದಾಳೆ. ದಿನವೆಲ್ಲ ಕಬ್ಬಿಣಕ್ಕೆ ಅರ ತಿಕ್ಕಿ ಅವಳ ಬೆರಳಿನ ಗೆರೆಯೇ ಸವೆದಿತ್ತು. ದುಡ್ಡು ಖಾತೆಗೆ ಬೀಳಬೇಕಾದರೆ ಬ್ಯಾಂಕಿನಲ್ಲಿ ಬೆರಳಚ್ಚು ಕೊಡಬೇಕು. ಎಷ್ಟು ಸಲ ಇಟ್ಟರೂ ಆ ಯಂತ್ರ ಇದು ನಿನ್ನ ಬೆರಳಲ್ಲ ಅಂದಿತು. "ಸಹಿ ಮಾಡ್ತೀನಿ ಸಾರ್," ಅಂದಳಂತೆ. ಸಹಿ ನಡೆಯುವುದಿಲ್ಲವಂತೆ, ಹೆಬ್ಬೆಟ್ಟೇ ಬೇಕಂತೆ! ಕೇಳಿ ನನಗೆ ನಗುವೂ ಬಂತು, ಸಿಟ್ಟೂ ಬಂತು.

ನನ್ನ ಮಗ, ಅಂದರೆ ಅವಳಪ್ಪ, ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. "ಬಸ್ ಚಾರ್ಜು ನಾನೇ ಕೊಡ್ಬೇಕು, ಬುತ್ತಿ ನಾನೇ ಕಟ್ಟಿಸ್ಬೇಕು. ಇದೆಂಥ ಟ್ರೈನಿಂಗು? ಈ ತಿಂಗಳು ಬರ್ಲಿಲ್ಲ ಅಂದ್ರೆ ಸಾಕು ಮಾಡ್ಲಿ." ಹುಡುಗಿ ಗೋಡೆ ಕಡೆ ತಿರುಗಿದಳು.

ನಾನು ಎದ್ದು ಹರಳೆಣ್ಣೆ ಶೀಸೆ ತಂದೆ. "ಎಂಟು ದಿನ ಅರ ಮುಟ್ಟಬ್ಯಾಡ, ಬೇರೆ ಕೆಲ್ಸ ಕೇಳಿ ಇಸ್ಕೋ. ಬೆರಳು ಇಲ್ಲಿ ಕೊಡು," ಅಂದೆ. ಬೆಳಿಗ್ಗೆ, ಸಂಜೆ ತಿಕ್ಕಿದೆ. ಒಂಬತ್ತನೇ ದಿನ ಕೈ ಚೆನ್ನಾಗಿ ತೊಳೆದುಕೊಂಡು ಬ್ಯಾಂಕಿಗೆ ಹೋದಳು. ಯಂತ್ರ ಹಸಿರು ದೀಪ ಹಚ್ಚಿತು. ದುಡ್ಡು ಬರಲಿ ಅಂತ ಕಾಯುತ್ತಾ, ನಾನು ಎಣ್ಣೆ ತಿಕ್ಕುವುದು ಬಿಡಲಿಲ್ಲ.

ಮೇಡಂಗೆ ಇದನ್ನು ಹೇಳಬೇಕಿತ್ತು... ಕೇಂದ್ರ ಮುಚ್ಚಿದ ಮೇಲೆ ಅವರು ಊರಿಗೆ ಮರಳಿದರು. ನಾನು ಬರೆಯುವುದು ರೂಢಿಯಾದ ಮೇಲೆ, ಎಷ್ಟೋ ವರ್ಷಕ್ಕೆ, ಅವರಿಗೊಂದು ಕಾಗದ ಬರೆದೆ. ಅಂಚೆಗೆ ಹಾಕಲು ಮನಸ್ಸಾಗದೆ ಕೈಯಲ್ಲೇ ಕೊಡಬೇಕೆಂದು ಮೊಳಕಾಲ್ಮೂರಿಗೆ ಹೋದೆ. ಓಣಿ ತುಂಬ ಮಗ್ಗದ ಸದ್ದು. ಅವರ ಮನೆಯಲ್ಲಿ ಮಾತ್ರ ಇರಲಿಲ್ಲ. "ಆಯಮ್ಮ ಹೋಗಿ ಎರಡು ವರ್ಷ ಆತಲ್ಲಮ್ಮಾ," ಅಂದಳು ಪಕ್ಕದ ಮನೆಯವಳು. ಕಾಗದ ಇನ್ನೂ ನನ್ನ ಟ್ರಂಕಿನಲ್ಲಿದೆ. ಒತ್ತು ಒಂದೂ ಬಿಟ್ಟಿಲ್ಲ.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಬಿಸಿ ಮುದ್ದೆ, ಕೋಳಿ ಸಾರು. ಮೊಮ್ಮಗಳ ಎಣ್ಣೆ ಬೆರಳಿನಿಂದ ಮುದ್ದೆ ಜಾರಿ ಸಾರಿಗೆ ಬಿದ್ದು, ನನ್ನ ಮಗನ ಬಿಳಿ ಅಂಗಿಗೆ ಸಿಡಿಯಿತು. ಅವನು ಅಂಗಿ ನೋಡಿಕೊಂಡ, ಮಗಳನ್ನು ನೋಡಿದ.

"ನಾಳೆ ಏಳು ಗಂಟೆ ಬಸ್ಸು ತಪ್ಪಿಸ್ಕೊಬ್ಯಾಡ," ಅಂದ.

ನಾನು ಇನ್ನೊಂದು ಮುದ್ದೆ ಹಾಕಿಸಿಕೊಂಡೆ.